ಅಪ್ಪನ ಕೈಲಿದ್ದ ಲಾಂದ್ರ

ರುಂಕು, ಬುಕೊವಿನಾ
ಮಾರ್ಚ್ 14, ಶುಕ್ರವಾರ

ಪ್ರೀತಿಯ ತಂಗಿ ವಿಯೋರಿಕಾ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಈಸ್ಟರಿನ ಮುಂಚಿನ ದೊಡ್ಡ ಉಪವಾಸ ನಡೆಯುತ್ತಿದೆ, ಅದರಲ್ಲೂ ಇವತ್ತು ಶುಕ್ರವಾರ, ಮಾಂಸ, ಹಾಲು ಇರಲಿ, ಎಣ್ಣೆಯನ್ನೂ ಮುಟ್ಟುವಂತಿಲ್ಲ. ಹಸು ಕರೆದು ಹಾಲನ್ನು ಚೀಸಿಗೆ ಹೆಪ್ಪು ಹಾಕಿಟ್ಟೆ. ಒಲೆಯ ಬೂದಿ ತೆಗೆದೆ, ಕೋಳಿಗಳಿಗೆ ಕಾಳು ಹಾಕಿದೆ. ಬೇಯಿಸಿದ ಆಲೂಗಡ್ಡೆ, ಉಪ್ಪಿನಲ್ಲಿಟ್ಟ ಎಲೆಕೋಸು ತಿಂದು ಈಗ ಬರೆಯಲು ಕೂತಿದ್ದೇನೆ. ನಿನ್ನ ಸೊಂಟನೋವು ಹೇಗಿದೆ? ನೀನು ನೋಡಿಕೊಳ್ಳುವ ಆ ಇಟಲಿಯ ಅಜ್ಜಿಯನ್ನು ಒಬ್ಬಳೇ ಎತ್ತಬೇಡ, ಅವರ ಮಗನನ್ನು ಕರೆ. ಅವನಿಗೂ ಎರಡು ಕೈ ಇವೆಯಲ್ಲ. ಉಪವಾಸ ಹಿಡಿದಿದ್ದರೂ ಬರಿಹೊಟ್ಟೆಯಲ್ಲಿ ಕೆಲಸಕ್ಕೆ ನಿಲ್ಲಬೇಡ. ಕಾಯಿಲೆಯವರ ಸೇವೆ ಮಾಡುವವಳ ಒಂದು ತುತ್ತಿಗೆ ದೇವರು ಕೋಪಿಸಿಕೊಳ್ಳುವುದಿಲ್ಲ.

ಅಪ್ಪನನ್ನು ಮಣ್ಣು ಮಾಡಿದಾಗಿನಿಂದ ನೀನು ನನ್ನ ಫೋನು ಎತ್ತುತ್ತಿಲ್ಲ. ಹಿಮ ಬಿದ್ದು ದಾರಿ ಮುಚ್ಚಿ ನೀನು ಬರಲಾಗದೆ ಹೋದದ್ದೇ ಒಂದು ನೋವು. ಅದರ ಮೇಲೆ ನಮ್ಮ ಅಕ್ಸಿನಿಯಾ ಅತ್ತೆ ಫೋನು ಮಾಡಿ, "ನಿಮ್ಮಪ್ಪ ಬತ್ತಿ ಇಲ್ದೇನೇ ಹೋದ ಕಣೇ, ನಿಮ್ಮಮ್ಮನ ಥರಾನೇ" ಅಂದಳಂತೆ. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಅಮ್ಮ ಆಸ್ಪತ್ರೆಯಲ್ಲಿ ಕೈಯಲ್ಲಿ ಉರಿಯುವ ಮೇಣದ ಬತ್ತಿ ಇಲ್ಲದೆ ಕಣ್ಣು ಮುಚ್ಚಿದಾಗ, ಆಚೆಯ ಲೋಕದ ದಾರಿಯಲ್ಲಿ ಕತ್ತಲಲ್ಲಿ ತಡಕಾಡುತ್ತಿರುತ್ತಾಳೆ ಎಂದು ನೀನು ಎಷ್ಟು ಕಣ್ಣೀರಿಟ್ಟೆ ಎಂದು ನಾನು ಬಲ್ಲೆ. ಇಟಲಿಗೆ ಹೊರಡುವಾಗ ಈಸ್ಟರಿನ ಬತ್ತಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿ, "ಅಪ್ಪನ ಕೈಲಿ ಇದೇ ಇರ್ಬೇಕು ಅಕ್ಕಾ" ಎಂದು ನನ್ನಿಂದ ಮಾತು ತೆಗೆದುಕೊಂಡೆ. ಮರೆತಿಲ್ಲ. ಆ ಸಂಜೆ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಕಳೆದ ವರ್ಷ, ವಾರವಾರ ಇಟಲಿಗೆ ಹೋಗಿಬರುವ ಸಾಂದುವಿನ ವ್ಯಾನಿನಲ್ಲಿ ನಿನ್ನ ಪಾರ್ಸೆಲ್ಲು ಬಂದಾಗ ಅದರಲ್ಲಿ ಆ ಲಾಂದ್ರ ಇತ್ತಲ್ಲ, ಹಿಡಿ ತಿರುಗಿಸಿದರೆ ಬೆಂಕಿಯಿಲ್ಲದೆ ಬಲ್ಬು ಹೊತ್ತುವಂಥದ್ದು. ಅಪ್ಪ ಅದರ ಹಿಡಿ ತಿರುಗಿಸಿ ನೋಡಿ, "ನಿನ್ನ ತಂಗಿ ಕಾಫಿ ಬೀಸೋ ಯಂತ್ರ ಕಳ್ಸಿದಾಳೆ, ಕಾಫಿ ಹಾಕೋದು ಮರ್ತಿದಾಳೆ" ಎಂದು ನಕ್ಕಿದ್ದ. ಆಮೇಲೆ ಅದನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ. ಕರೆಂಟು ಹೋದರೆ ಸಾಕು, ಹಾಸಿಗೆಯಲ್ಲಿ ಕೂತು ಗರಗರ ತಿರುಗಿಸುತ್ತಿದ್ದ. "ಹಿಟ್ಟಿನ ಥರ ಬೆಳಕನ್ನೂ ಬೀಸ್ಕೊಳ್ಳೋ ಕಾಲ ಬಂತು ಸಫ್ತಾ" ಅನ್ನುತ್ತಿದ್ದ. ನೀನು ಕಳಿಸಿದ್ದೆಂದು ಅದರ ಮೇಲೆ ಅವನಿಗೆ ಅಷ್ಟು ಅಕ್ಕರೆ.

ಚಳಿಗಾಲದಲ್ಲಿ ಅವನ ಶ್ವಾಸಕೋಶ ತೀರಾ ಕೆಟ್ಟು, ಮೂಗಿಗೆ ನಳಿಗೆ ಹಾಕಿ ಆಕ್ಸಿಜನ್ ಕೊಡುವ ಯಂತ್ರ ತಂದಿಟ್ಟರು. ಕರೆಂಟು ಹೋದಾಗ ಬೇಕಾಗುತ್ತದೆಂದು ಒಂದು ಸಿಲಿಂಡರನ್ನೂ ಕೊಟ್ಟರು. ಆ ಕೋಣೆಯಲ್ಲಿ ಬೆಂಕಿಕಡ್ಡಿ ಕೂಡ ಗೀರಕೂಡದು, ಗೀರಿದರೆ ಹಾಸಿಗೆ ಸಮೇತ ಹೊತ್ತಿಕೊಳ್ಳುತ್ತದೆ ಎಂದು ನರ್ಸು ಎಚ್ಚರಿಸಿದ್ದಳು. ದೇವರ ಪಟದ ಮುಂದಿನ ದೀಪವನ್ನು ಕೂಡ ಆಚೆ ಕೋಣೆಗೆ ಒಯ್ದಿದ್ದೆ. ಆ ದಿನ ಬಿರುಗಾಳಿ ಎದ್ದು ತಂತಿ ಕಡಿದು ಕರೆಂಟು ಹೋಯಿತು. ಸಿಲಿಂಡರ್ ತೆರೆದು ನಳಿಗೆಯನ್ನು ಅದಕ್ಕೆ ಸೇರಿಸಿದೆ. ಸಂಜೆಯ ಹೊತ್ತಿಗೆ ಅಪ್ಪನ ಉಗುರು ನೀಲಿಯಾದವು. ಹಿಮದಲ್ಲಿ ಮೊಣಕಾಲುದ್ದ ಹೂಳುತ್ತಾ ಅತ್ತೆ ಬಂದಳು. ಬಂದವಳೇ ಪಟದ ಹಿಂದಿನ ಬತ್ತಿ ತೆಗೆದು ನನ್ನ ಕೈಗೆ ತುರುಕಿ, "ಹಚ್ಚೇ! ಏನ್ ನೋಡ್ತಿದೀಯ? ನನ್ ತಮ್ಮನ್ನ ಕತ್ಲಲ್ಲಿ ಕಳಿಸ್ತೀಯಾ?" ಎಂದು ಕೂಗಿದಳು.

ವಿಯೋರಿಕಾ, ಬತ್ತಿ ಹಚ್ಚಬೇಕಾದರೆ ಮೊದಲು ಸಿಲಿಂಡರ್ ನಿಲ್ಲಿಸಬೇಕಿತ್ತು. ಇನ್ನೂ ಉಸಿರಾಡುತ್ತಿದ್ದ ಅಪ್ಪನ ಉಸಿರನ್ನು ನಾನೇ ನಿಲ್ಲಿಸಿ ಅವನ ಕೈಗೆ ಬೆಳಕು ಕೊಡಬೇಕಿತ್ತು. ನನ್ನಿಂದ ಆಗಲಿಲ್ಲ. ದೇವಮಾತೆಯನ್ನು ನೆನೆದು ಬತ್ತಿಯನ್ನು ಕೆಳಗಿಟ್ಟೆ, ಲಾಂದ್ರವನ್ನು ಅವನ ಎದೆಯ ಮೇಲಿಟ್ಟೆ, ಹಿಡಿಯ ಮೇಲೆ ಅವನ ಕೈ ಇಟ್ಟು, ಅದರ ಮೇಲೆ ನನ್ನ ಕೈ ಇಟ್ಟು ತಿರುಗಿಸಿದೆ. "ಕಾಫಿ ಯಂತ್ರ ಹಿಡ್ಕೊಂಡು ಹೋದ್ರೆ ಸ್ವರ್ಗದ ಬಾಗ್ಲಲ್ಲಿ ಸಂತ ಪೇತ್ರ ನಗ್ತಾನೆ!" ಎಂದು ಅತ್ತೆ ಬಡಬಡಿಸುತ್ತಲೇ ಇದ್ದಳು. ನಾನು 'ನಮ್ಮ ತಂದೆಯೇ' ಪ್ರಾರ್ಥನೆ ಹೇಳುತ್ತಾ ತಿರುಗಿಸಿದೆ. ಬೆಳಕು ಅವನ ಗಡ್ಡದ ಮೇಲೆ ಬಿದ್ದಿತ್ತು. ಕೈ ನಿಂತಿತು, ಉಸಿರು ನಿಂತಿತು. ಲಾಂದ್ರ ಮಾತ್ರ ಇನ್ನೂ ಉರಿಯುತ್ತಿತ್ತು. ಸಿಲಿಂಡರ್ ಮುಚ್ಚಿ, ಆಚೆಗೆ ಸಾಗಿಸಿ, ಕಿಟಕಿ ತೆರೆದು ಗಾಳಿ ಆಡಿಸಿದ ಮೇಲೆ ನಿನ್ನ ಬತ್ತಿ ಹಚ್ಚಿದೆ. ಆಗ ಅತ್ತೆ, "ಈಗ ಹಚ್ಚಿದ್ದು ನಮಗೆ ಬೆಳಕು, ಅವನಿಗಲ್ಲ" ಅಂದಳು. ಆ ಮಾತು ಇಡೀ ಊರಿಗೆ ಹರಡಿತು. ನೀರಿಗೆ ಹೋದರೆ ಬಾವಿಯ ಹತ್ತಿರ ಹೆಂಗಸರು ಮಾತು ನಿಲ್ಲಿಸುತ್ತಾರೆ.

ಗ್ರಿಗೋರೆ ಪಾದ್ರಿಗಳನ್ನು ಕೇಳಿದೆ. "ದೇವರಿಗೆ ಕಣ್ಣು ಕಾಣೋಕೆ ಬೆಂಕಿಪೆಟ್ಟಿಗೆ ಬೇಕೇನಮ್ಮಾ?" ಅಂದರು. ಆಮೇಲೆ ಗಡ್ಡ ನೀವಿಕೊಂಡು, "ಆದ್ರೂ ಅವನು ಹೋದ ನಲವತ್ತನೇ ದಿನಕ್ಕೆ ಅವನ ಹೆಸರಲ್ಲಿ ಒಂದು ಬೆಳಕು ದಾನ ಕೊಟ್ಬಿಡು" ಅಂದರು. ನಾಳೆಯಲ್ಲ, ಬರುವ ವಾರದ ಶನಿವಾರ ನಲವತ್ತರ ಪ್ರಾರ್ಥನೆ. ಗೋಧಿ ಬೇಯಿಸಿ ಸಕ್ಕರೆ, ಅಕ್ರೋಟು ಹಾಕಿ ಇಗರ್ಜಿಗೆ ಒಯ್ಯುತ್ತೇನೆ. ರೊಟ್ಟಿ, ಟವೆಲ್ಲು, ಲೋಟ ಹಂಚುತ್ತೇನೆ. ಇಲ್ಲಿ ಕೊಟ್ಟದ್ದು ಅಲ್ಲಿ ಅವನ ಕೈಗೆ ಸೇರುತ್ತದಲ್ಲ. ಆದ್ದರಿಂದ ಈ ಲಾಂದ್ರವನ್ನೇ ಕೊಡಬೇಕೆಂದು ನನ್ನ ಮನಸ್ಸು. ಆದರೆ ಅದು ನೀನು ದುಡಿದು ಕಳಿಸಿದ ವಸ್ತು. ಒಡತಿಯ ಬಾಯಿಂದ ಮಾತು ಬಾರದೆ ಕೊಟ್ಟರೆ ಅದು ದಾನವಾಗುವುದಿಲ್ಲ, ಅಪ್ಪನಿಗೂ ಮುಟ್ಟುವುದಿಲ್ಲ. ನಿನ್ನ ಮಾತು ಬಾರದಿದ್ದರೆ ಅದು ಇಲ್ಲೇ ಕಿಟಕಿಯ ಮೇಲೆ ಉಳಿಯುತ್ತದೆ.

ದೇವಮಾತೆ ನಿನ್ನ ಸೊಂಟಕ್ಕೂ ಮನಸ್ಸಿಗೂ ಬಲ ಕೊಡಲಿ. ಆ ಇಟಲಿಯ ಅಜ್ಜಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ಅಕ್ಕ,
ಸಫ್ತಾ

ಮರೆತಿದ್ದೆ: ಸಾಂದು ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಪಾದ್ರಿಗೂ ಹೇಳಿಲ್ಲ, ಅತ್ತೆಗೂ ಹೇಳಿಲ್ಲ, ಮೊದಲು ನಿನಗೇ ಹೇಳುತ್ತಿದ್ದೇನೆ. ಕೊನೆಗೊಮ್ಮೆ ಅಪ್ಪನ ತುಟಿ ಒರೆಸಲು ನಾನು ಕೈ ತೆಗೆದೆ. ಹಿಡಿ ನಿಲ್ಲಲಿಲ್ಲ. ಅವನ ಕೈಯಲ್ಲೇ ಇನ್ನೂ ಒಂದು ಸುತ್ತು ತಿರುಗಿತು. ತನ್ನ ಬೆಳಕನ್ನು ತಾನೇ ಹಿಡಿದು ಹೋದ, ವಿಯೋರಿಕಾ. ಲಾಂದ್ರ ಯಾರಿಗೆ ಕೊಡಬೇಕೆಂದು ಎರಡೇ ಸಾಲು ಬರೆದು ಸಾಂದುವಿನ ಕೈಗೆ ಕೊಡು. ಮುಂದಿನ ಶುಕ್ರವಾರ ಅವನು ವಾಪಸು ಅಡ್ಡರಸ್ತೆಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ, ಆ ಹೊತ್ತಿಗೆ ನಾನು ಒಲೆಯ ಮುಂದೆ ಗೋಧಿ ಬೇಯಿಸುತ್ತಿರುತ್ತೇನೆ. ನಿನ್ನ ಉತ್ತರ ತರಲು ಅಕ್ಸಿನಿಯಾ ಅತ್ತೆಯನ್ನೇ ಕಳಿಸುತ್ತೇನೆ. ಕತ್ತಲ ದಾರಿಗೆ ಲಾಂದ್ರವನ್ನು ಅವಳ ಕೈಗೇ ಕೊಡುತ್ತೇನೆ, ತಿರುಗಿಸಿಕೊಂಡು ಬರಲಿ.