ಅವರೆಕಾಳು ಹಿತುಕಿಸಿದ ಗೈಡ್

ಉಂಟರ್‌ಫ್ಯೋರಿಂಗ್, ಜರ್ಮನಿ
೯ ಫೆಬ್ರವರಿ ೨೦೦೩

ಮುದ್ದು ನೇತ್ರಾ,

ನಿನ್ನ ಕೆಮ್ಮು ಬಿಟ್ಟಿತಾ? ಅಮ್ಮನ ಮಂಡಿನೋವು ಹೇಗಿದೆ? ನಾವಿಬ್ಬರೂ ಚೆನ್ನಾಗಿದ್ದೀವಿ. ಅಶ್ವಿನ್‌ಗೆ ಆಫೀಸು, ನನಗೆ ಕಿಟಕಿಯಲ್ಲಿ ಹಿಮ ನೋಡೋದು. ನಿನ್ನ ಕಾಗದ ಸಿಕ್ಕಿತು. ಹನುಮಂತರಾಯರು ನಿನ್ನನ್ನು ಪಿಎಚ್.ಡಿ.ಗೆ ತಗೋತಾರಂತೆ, ಆದರೆ ಅವರ ಕೈಕೆಳಗಿದ್ದ ನಾನು ಅರ್ಧಕ್ಕೇ ಎದ್ದು ಬಂದಿದ್ದಕ್ಕೆ ಮೊದಲು ಕ್ಷಮಾಪಣೆ ಬರೆದುಕೊಡಬೇಕಂತೆ. ಆ ಮುಖಕ್ಕೆ ಕ್ಷಮಾಪಣೆ ಒಂದು ಕೇಡು.

ಇಲ್ಲೊಂದು ತಮಾಷೆ ಕೇಳು. ನಮ್ಮ ಮನೆ ಹತ್ತಿರದ ಸ್ಟುಡಿಯೋದಲ್ಲಿ ಇಂಗ್ಲೆಂಡಿನ ಟಿವಿ ಸೀರಿಯಲ್ ಒಂದಕ್ಕೆ ಜರ್ಮನ್ ಡಬ್ಬಿಂಗ್ ನಡೀತಿತ್ತು. ಯಾವುದೋ ಹಾಸ್ಯ ಕಾದಂಬರಿಯಿಂದ ಮಾಡಿದ್ದು. ಒಂದು ಕಾಲೇಜು, ಅಲ್ಲಿನ ಮೇಷ್ಟರುಗಳು, ಅವರ ಜಂಬ. ಅದರಲ್ಲೊಂದು ಊಟದ ಸೀನು. ಸೀರೆ ಉಟ್ಟ ರಿಸರ್ಚ್ ಹುಡುಗಿಯೊಬ್ಬಳು ಪ್ರೊಫೆಸರಿಗೆ ಏನೋ ಗೊಣಗುತ್ತಾಳೆ. ಅದು ಯಾವ ಭಾಷೆಯೂ ಅಲ್ಲ. ಅದಕ್ಕೆ ಇಂಡಿಯನ್ ಧ್ವನಿ ಬೇಕು ಅಂತ ನನ್ನನ್ನು ಕರೆದರು. ಏನು ಹೇಳಲಿ ಅಂದರೆ, ಏನಾದರೂ ಇಂಡಿಯನ್, ಅವಳ ಬಾಯಿ ಮುಚ್ಚೋವರೆಗೆ, ಅಂದ ಡೈರೆಕ್ಟರು. ಮಹಾ ಬುದ್ಧಿವಂತ. ನಾನು ಹೇಳಿದೆ: "ಸಾರ್, ನಿಮ್ಮ ಮನೆ ಅವರೆಕಾಳು ಹಿತುಕೋಕೆ ನಾನು ಎಂ.ಎ. ಮಾಡಿದ್ದಲ್ಲ." ಎಷ್ಟು ಇಂಪಾಗಿದೆ ಅಂತ ಎಲ್ಲರೂ ತಲೆದೂಗಿದರು.

ಆ ಸೀರಿಯಲ್ಲಿನ ಪ್ರೊಫೆಸರು ರಾಯರ ಮುಂದೆ ಪಾಪದವನು ಕಣೆ. ಶಿಷ್ಯರು ಬರೆದದ್ದನ್ನು ಓದಿಯಾದರೂ ಬೈಯುತ್ತಾನೆ. ರಾಯರ ಮನೇಲಿ ಅವರೆ ಕಾಲ ಬಂತೆಂದರೆ ಶಿಷ್ಯೆಯರೆಲ್ಲ ಪಡಸಾಲೆಯಲ್ಲಿ ಕೂತು ಹಿತುಕಬೇಕು. ಕೊನೆಗೊಂದು ದಿನ ಸಿಪ್ಪೆ ಹಾಕಿಕೊಳ್ಳಿ ಅಂತ ಅವರು ಕೊಟ್ಟ ಹಾಳೆಗಳು ನನ್ನ ಥೀಸಿಸ್ಸಿನ ಮೊದಲನೇ ಅಧ್ಯಾಯ. ಓದೋದಿರಲಿ, ಪಿನ್ನು ಕೂಡ ತೆಗೆದಿರಲಿಲ್ಲ. ಎದ್ದು ಬಂದೆ. ಇಂಗ್ಲಿಷರು ಇಂಥದ್ದನ್ನು ಹಾಸ್ಯ ಅಂತ ಕಾದಂಬರಿ ಬರೀತಾರೆ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಅದಕ್ಕೆ ಗುರುಸೇವೆ ಅಂತಾರೆ.

ಅಮ್ಮನಿಗೆ ನಮಸ್ಕಾರ ತಿಳಿಸು. ನೀನು ಬಿಸಿನೀರೇ ಕುಡಿ, ಬೆಳಗಿನ ಚಳಿಯಲ್ಲಿ ಸ್ಕಾರ್ಫಿಲ್ಲದೆ ಹೊರಗೆ ಹೋಗಬೇಡ.

ನಿನ್ನ ಅಕ್ಕ,
ನಿಶ್ಚಿತಾ

ತಾ.ಕ.: ಅಂಟಿಸಿದ ಲಕೋಟೆ ಬಿಡಿಸಿ ಬರೀತಿದ್ದೀನಿ. ಜೊತೆಗೆ ಇನ್ನೊಂದು ಹಾಳೆ ಇದೆ, ರಾಯರಿಗೆ. ಅವರು ಕೇಳಿದ ಹಾಗೇ 'ದುಡುಕಿದೆ, ಕ್ಷಮಿಸಿ' ಅಂತ ಬರೆದು ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದೀನಿ. ನಿನ್ನ ವಿಷಯಕ್ಕೆ ಅಲ್ಲಿರೋ ಗೈಡ್ ಅವರೊಬ್ಬರೇ ಅಂತ ನನಗೂ ಗೊತ್ತು. ನಿನ್ನ ಸೀಟು ಹೋಗಬಾರದು. ಕೊಟ್ಟುಬಿಡು. ಓದುವಾಗ ಅವರು ಯಾವ ಮುಖ ಮಾಡಿದರು ಅಂತ ಮಾತ್ರ ನನಗೆ ಬರೀಬೇಡ.