ಗಾಡಿ ಇನ್ನೂ ನಿನ್ನ ಹೆಸರಿನಲ್ಲೇ ಇದೆ

ಹಬೀಬ್,

ನಿನ್ನ ಬುಲೆಟ್ಟಿನ ಸದ್ದು ಕೇಳಿದೊಡನೆ ನೇಪಾಳದವರು ಗಡಿಯ ಗೇಟು ತೆಗೆದು ನನಗೆ ಸೆಲ್ಯೂಟ್ ಹೊಡೆದರು.

ನಮ್ಮೂರು ಬಡವನಹಳ್ಳಿಗೆ ವಾಪಸ್ ಹೋಗಿ ಹೀಗೇ ಹೇಳಬೇಕೆಂದಿದ್ದೆ. ಆದರೆ ಒಂದು ವಾರದಿಂದ ಗಡಿಯ ಈಚೆಗೇ, ಬಿಹಾರದ ರಕ್ಸೌಲಿನ ಒಂದು ಛತ್ರದಲ್ಲಿ ಬಿದ್ದಿದ್ದೇನೆ. ಗಡಿಯ ಗೇಟಿನವರು ಗಾಡಿಯ ಮಾಲೀಕ ಎಲ್ಲಿ ಎಂದು ಕೇಳಿದರು. ನಾನೇ ಎಂದೆ. ಆರ್‌ಸಿಯಲ್ಲಿ ನಿನ್ನ ಹೆಸರು ತೋರಿಸಿದರು. ನಮ್ಮ ಕಡೆ ಕಾಯಿ ಒಡೆದು ಕೀ ಕೈಗಿಟ್ಟರೆ ಗಾಡಿ ಕೊಂಡಂತೆ. ಹೆಸರು ಬದಲಿಸಲು ಯಾರು ಆಫೀಸು ಸುತ್ತುತ್ತಾರೆ?

"ಹಾಗಾದರೆ ಅವನಿಂದ ಒಪ್ಪಿಗೆ ಬರೆಸಿಕೊಂಡು ಬಾ" ಎಂದರು.

ಸಿರಾದ ಖಬರಸ್ತಾನದಲ್ಲಿ ಮಲಗಿರುವ ನಿನ್ನಿಂದ ಹೇಗೆ ಬರೆಸಲಿ? ಹಿಂದೆ ಬರುತ್ತಿದ್ದಾನೆ, ಕಾಯುತ್ತೇನೆ ಎಂದುಬಿಟ್ಟೆ.

ಆಮೇಲೆ ಒಬ್ಬ ಏಜೆಂಟು ನಿನ್ನ ಸಹಿ ತಾನೇ ಹಾಕಿಸಿಕೊಡುತ್ತೇನೆಂದು ದುಡ್ಡು ತೆಗೆದುಕೊಂಡ. ಇವತ್ತು ಹೋಗಿ ನೋಡಿದರೆ ಅವನ ಅಂಗಡಿಗೆ ಬೀಗ. ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದಾಗ ನನ್ನ ತಂಗಿಯ ಮಗಳು ರಕ್ಷಾ ಫೋನು ಮಾಡಿದಳು.

"ಮಾವ, ಫೋಟೋನೇ ಕಳಿಸ್ಲಿಲ್ವಲ್ಲ?"

"ಮಂಜು ಕಣಮ್ಮ. ಹಿಮಾಲಯನೇ ಕಾಣ್ತಿಲ್ಲ."

"ಎಲ್ಲೂ ಯಾಮಾರಿಲ್ಲ ತಾನೇ?"

"ನನ್ನ ಯಾಮಾರ್ಸೋನು ಇನ್ನೂ ಹುಟ್ಟಿಲ್ಲ. ಇನ್ನೂರು ರೂಪಾಯಿ ಹೋಯ್ತು, ಬುಡು."

ಇನ್ನೂರಲ್ಲ, ಹಬೀಬ್. ಹೊರಡುವ ದಿನ ನಿನ್ನ ಹೆಂಡತಿ ರಹಮತ್ ಬಿ ಬಾಗಿಲಿಗೆ ಬಂದು, "ಇಬ್ರೂ ಮುಂದಿನ ವರ್ಸ, ಮುಂದಿನ ವರ್ಸ ಅಂತಿದ್ರಿ. ನೀವಾದ್ರೂ ನೋಡ್ಕೊಂಡ್ ಬನ್ನಿ ಭಾಯಿ" ಎಂದಳು. ನಿನ್ನ ಗ್ಯಾರೇಜಿನ ಸಾಮಾನು ಮಾರಿದ ದುಡ್ಡನ್ನು ಪೆಟ್ರೋಲಿಗೆಂದು ನನ್ನ ಜೇಬಿಗೆ ತುರುಕಿದಳು. ಹೋದದ್ದು ಅದು. ಹದಿನೆಂಟು ಸಾವಿರ, ಅಷ್ಟೂ.