ಒಂದೇ ಒಂದು ದಿನ

ಅಂಗಡಿಯ ಮಹಡಿ,
ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಜಾಮೀನಿನ ಮೇಲೆ ಹೊರಬಂದಾಗಿನಿಂದ ನಿನಗೆ ಊಟ ಸೇರುತ್ತಿಲ್ಲವೆಂದು ಚಿಕ್ಕಮ್ಮ ಹೇಳಿದರು. ಎಡ ಮೊಣಕೈ ಕೂಡಿಕೊಂಡಿತೆ? ಅಪ್ಪ ತಿರುಚಿ ಮುರಿದದ್ದು, ಚಳಿಗೆ ನೋಯುತ್ತದೆ, ಬೆಚ್ಚಗೆ ಸುತ್ತಿಕೊ. ನಾನು ಇದ್ದೇನೆ. ಇಸ್ತ್ರಿ ಅಂಗಡಿಗೆ ಪೊಲೀಸರು ಹಾಕಿದ್ದ ಬೀಗ ತೆಗೆದರು. ಗಿರಾಕಿಗಳು ಬರುತ್ತಾರೆ, ಬಟ್ಟೆ ಕೊಡುತ್ತಾರೆ, ಗೋಡೆ ನೋಡುತ್ತಾರೆ. ಸುಣ್ಣ ಬಳಿದಿದ್ದೇನೆ, ಆದರೂ ನೋಡುತ್ತಾರೆ.

ನಿನ್ನ ವಕೀಲರು ನನ್ನ ಮೇಲೆ ರೇಗುತ್ತಿದ್ದಾರೆ. ಆ ದಿನ ಅಂಗಡಿಯಲ್ಲಿದ್ದ ಮೂವರಲ್ಲಿ ಅಪ್ಪ ಸತ್ತರು, ನೀನು ಆರೋಪಿ, ಉಳಿದವನು ನಾನು. ಕಾದ ಇಸ್ತ್ರಿಪೆಟ್ಟಿಗೆ ಹಿಡಿದು ಅಪ್ಪ ನಿನ್ನ ಮೇಲೆ ಬಂದರು, ಜೀವ ಉಳಿಸಿಕೊಳ್ಳಲು ಅದನ್ನೇ ಕಿತ್ತುಕೊಂಡು ಹೊಡೆದೆ ಎಂದು ನೀನು ಹೇಳಿದ್ದೀಯ. ನಾನು ಹೌದೆನ್ನಬೇಕು. ನನ್ನ ಬಾಯಿಗೆ ಬರುವುದು ಒಂದೇ ಮಾತು: ಅಪ್ಪ ಯಾವಾಗಲೂ ಹೊಡೆಯುತ್ತಿದ್ದರು. "ಯಾವಾಗಲೂ ಅಂದ್ರೆ ಜಡ್ಜು ನಂಬಲ್ಲಪ್ಪ. ಒಂದು ದಿನ ಹೇಳು. ಒಂದೇ ಒಂದು ದಿನ" ಅನ್ನುತ್ತಾರೆ ವಕೀಲರು. ಹುಡುಕುತ್ತೇನೆ. ಬೆಲ್ಟು ಇದೆ, ಬಾಗಿಲ ಬಳಿ ಬಿದ್ದ ಅಮ್ಮನ ಹಲ್ಲು ಇದೆ, ಅವರ ಮುಷ್ಟಿಯಲ್ಲಿ ನಿನ್ನ ಕೂದಲು ಇದೆ. ಯಾವುದು ಯಾವಾಗ, ಮೊದಲೇನು, ಆಮೇಲೇನು, ಗೊತ್ತಿಲ್ಲ. ಒಂದೇ ಬಕೆಟ್ಟಿನಲ್ಲಿ ನೆನೆಹಾಕಿ ಮರೆತ ಬಟ್ಟೆಗಳ ಹಾಗೆ ಎಲ್ಲ ಒಂದೇ ಬಣ್ಣ.

ವಕೀಲರೇ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಸಿಟ್ಟು ಬಂದ ಒಂದು ದಿನ ಹೇಳಿ ಅಂದರು ಆಕೆ. ಬರುತ್ತಿರುತ್ತದೆ ಅಂದೆ. ಸಂತೋಷದ ಒಂದು ದಿನ? ಅಕ್ಕ ಮನೆಯಲ್ಲಿದ್ದಾಗ ಅಂದೆ. ಖಿನ್ನತೆ ಹಿಡಿದವರಲ್ಲಿ ಹೀಗಾಗುವುದುಂಟಂತೆ. ಬದುಕು ನೆನಪಿರುತ್ತದೆ, ದಿನಗಳು ನೆನಪಿರುವುದಿಲ್ಲ. ಸೋಮಾರಿ ಅಂತ ನೀನು ಬೈಯುತ್ತಿದ್ದೆಯಲ್ಲ, ಅದಕ್ಕೂ ಈಗ ದೊಡ್ಡ ಹೆಸರು ಸಿಕ್ಕಿತು. ವಾರವಾರ ಹೋಗುತ್ತೇನೆ, ಕೊಟ್ಟ ಮಾತ್ರೆ ನುಂಗುತ್ತೇನೆ. ಸಣ್ಣಪುಟ್ಟವು ಬರತೊಡಗಿವೆ. ಬಟ್ಟೆಗಂಟಿನ ಸಮೇತ ನನ್ನನ್ನು ಸೈಕಲ್ಲಿನಿಂದ ಕೆಸರಿಗೆ ಕೆಡವಿ, "ಎರಡು ಸಲ ಒಗೆದ್ರೆ ಬಟ್ಟೆಗೆ ಒಳ್ಳೇದು ಕಣೋ" ಅಂದೆಯಲ್ಲ, ಅದು ಬಂತು. ಬಿಸಿಲಿತ್ತು. ನಿನ್ನ ಚಪ್ಪಲಿ ಒಂದೇ ಕಾಲಲ್ಲಿತ್ತು. ಬೀದಿಯಲ್ಲಿ ಒಬ್ಬನೇ ನಕ್ಕೆ.

ಚಿಕ್ಕಮ್ಮ ಗದರಿದರೂ ಅವರ ಮನೆ ಬಿಟ್ಟು ಎಲ್ಲಿಗೂ ಹೋಗಬೇಡ. ಹೊತ್ತುಹೊತ್ತಿಗೆ ಉಣ್ಣು.

ನಿನ್ನ ತಮ್ಮ,
ಗೂಬೆ

ತಾ.ಕ.: ಚಿಕ್ಕಮ್ಮ ಹೊರಟು ನಿಂತಿದ್ದಾರೆ, ಪತ್ರ ಅವರ ಕೈಯಲ್ಲೇ ಕೊಡುತ್ತೇನೆ. ಓದಿ ಸುಟ್ಟುಬಿಡು. ಆ ದಿನ ಬಂತು ಅಕ್ಕಾ, ಇಡಿಯಾಗಿ. ಅಪ್ಪ ಬಗ್ಗಿ ಪ್ಲಗ್ಗು ಕೀಳುತ್ತಿದ್ದರು, ಬೆನ್ನು ನಿನ್ನ ಕಡೆಗಿತ್ತು. ಬೆಳಗಿನಿಂದ ಯಾರನ್ನೂ ಬೈದಿರಲಿಲ್ಲ. ಗಿರಾಕಿಯ ಬಿಳಿ ಅಂಗಿಗೆ ಕಲೆಯಾಗದಿರಲೆಂದು ನೀನು ಮೊದಲು ಅದನ್ನು ಪಕ್ಕಕ್ಕೆ ಸರಿಸಿದೆ. ಆಮೇಲೆ ಪೆಟ್ಟಿಗೆ ಎತ್ತಿದೆ. ಮೊದಲ ಏಟಿಗೆ ಅವರು ತಿರುಗಿ "ಮಗಾ" ಅಂದರು. ಆ ಮುಖಕ್ಕೇ ಮತ್ತೆ ಹೊಡೆದೆ, ಹೊಗೆ ಏಳುವ ತನಕ ಒತ್ತಿ ಹಿಡಿದೆ. ಸುಳ್ಳು ದಿನವೊಂದನ್ನು ಕಟ್ಟಲು ಹೋದರೆ ಇದೇ ಬಾಯಿಗೆ ಬರುತ್ತದೆ. ಕೋರ್ಟಿನಲ್ಲಿ ಯಾವಾಗಲೂ ಹೊಡೆಯುತ್ತಿದ್ದರು ಅಂತಲೇ ಹೇಳುತ್ತೇನೆ, ಅದೂ ಸುಳ್ಳಲ್ಲ. ಡಾಕ್ಟರಮ್ಮನ ಹತ್ತಿರ ಇನ್ನು ಹೋಗುವುದಿಲ್ಲ. ವಾಸಿಯಾದರೆ ಕೇಳಿದವರಿಗೆಲ್ಲ ಹೇಳಿಬಿಡುತ್ತೇನೆ.